ಆರಾಧನೆಯನ್ನು ಎರಡು ಮಾಡಬೇಡಿ

ಮಾನ್ಯ ಬಿಷಪ್ ಅವರಿಗೆ, ನಮ್ಮ ಸಭಾಪಾಲಕರಿಗೆ, ಸಭಾ ಸಮಿತಿಯ ಹಿರಿಯರಿಗೆ, ಕ್ವಾಯರ್‌ನವರಿಗೆ, ಯೂತ್‌ನ ಮಕ್ಕಳಿಗೆ, ಎಲ್ಲರಿಗೂ ವಂದನೆಗಳು.

ಹೋದ ಭಾನುವಾರ ಪ್ರಕಟಣೆಗಳ ಕೊನೆಗೆ ಒಂದು ವಿಷಯ ಓದಿದಿರಿ. ಮುಂದಿನ ತಿಂಗಳಿಂದ ನಮ್ಮ ಸಭೆಯಲ್ಲಿ ಎರಡು ಆರಾಧನೆ. ಬೆಳಿಗ್ಗೆ ಏಳೂವರೆಗೆ ಆರ್ಗನ್, ಕ್ವಾಯರ್, 'ಸಂಗೀತ' ಅಂತ ನಾವು ಕರೆಯುವ ಹಳೆಯ ಭಕ್ತಿಗೀತೆಗಳ ಪುಸ್ತಕ. ಹತ್ತು ಗಂಟೆಗೆ ಬ್ಯಾಂಡು, ಸ್ಕ್ರೀನು. ಯಾರಿಗೆ ಯಾವುದು ಇಷ್ಟವೋ ಅದಕ್ಕೆ ಬರಬಹುದು. ಹಳೆಯ ಹಾಡೋ ಹೊಸ ಹಾಡೋ ಅಂತ ಆರು ತಿಂಗಳಿಂದ ನಡೆಯುತ್ತಿದ್ದ ಜಗಳಕ್ಕೆ ಇದೇ ಪರಿಹಾರ ಅಂತ ಸಮಿತಿಗೆ ಅನ್ನಿಸಿದೆ. ಆಶೀರ್ವಾದ ಆಗಿ ಹೊರಗೆ ಬಂದಾಗ ನೋಡಿದೆ, ಎರಡೂ ಕಡೆಯವರು ಖುಷಿಯಾಗಿದ್ದರು. ಮಾವಿನ ಮರದ ಕೆಳಗೆ ಹಿರಿಯರು 'ಇನ್ನು ಆ ಗಲಾಟೆ ಇಲ್ಲ' ಅಂದರು. ಬೈಕುಗಳ ಹತ್ತಿರ ಹುಡುಗರು 'ಇನ್ನು ಬೈಯುವವರಿಲ್ಲ' ಅಂದರು. ಜಗಳ ಆಡುವಾಗ ಆಗದ ಸಂಕಟ ಆ ಖುಷಿ ನೋಡಿ ಆಯಿತು. ಒಬ್ಬರನ್ನೊಬ್ಬರು ನೋಡದೆ ಇರಬಹುದು ಅನ್ನುವುದೇ ನಮಗೆ ಸಮಾಧಾನ ಆಗಿಬಿಟ್ಟಿದೆಯಲ್ಲ ಅಂತ. ಅಕ್ಕಪಕ್ಕದ ಊರಿನ ಸಭೆಗಳಲ್ಲೂ ಇದೇ ಮಾತು ನಡೆಯುತ್ತಿದೆ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಯಾರು ಅಂತ ನಿಮಗೆಲ್ಲ ಗೊತ್ತು. ಮೂವತ್ತೊಂದು ವರ್ಷದಿಂದ ನಮ್ಮ ಸಭೆಯ ಕಾಲು ತುಳಿಯುವ ಆರ್ಗನ್ ನುಡಿಸುತ್ತಿದ್ದೇನೆ. ಮಳೆಗಾಲದಲ್ಲಿ ಅದರ ಮರ ಉಬ್ಬಿ ಎರಡು ಕೀ ಕೆಳಗೆ ಹೋದರೆ ಮೇಲೆ ಬರುವುದಿಲ್ಲ, ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗಡೆ ಒಂದು ನಲವತ್ತು ವ್ಯಾಟಿನ ಬಲ್ಬು ಉರಿಸಿ ಇಡುತ್ತೇನೆ. ತಿದಿಯ ಬಟ್ಟೆಗೆ ಹುಳ ಹಿಡಿಯದ ಹಾಗೆ ನುಸಿಗುಳಿಗೆ ಹಾಕುತ್ತೇನೆ. ಶನಿವಾರ ಸಂಜೆ ಬಾಗಿಲು ತೆಗೆದ ಕೂಡಲೇ ಆ ನುಸಿಗುಳಿಗೆ ವಾಸನೆ ಬಂದರೆ ನನಗೆ ಮನೆಗೆ ಬಂದ ಹಾಗೆ. ಹಾಗಾಗಿ ಈ ಪತ್ರ ನೋಡಿ 'ಅಕ್ಕ ಆರ್ಗನ್ ಪರ ಬರೆದಿದ್ದಾರೆ' ಅಂತ ಹುಡುಗರು ಅಂದುಕೊಳ್ಳಬಹುದು. ದಯವಿಟ್ಟು ಕೊನೆ ತನಕ ಓದಿ.

ಜುಲೈ ತಿಂಗಳ ಆ ಭಾನುವಾರ ನೆನಪಿದೆಯಾ? ಜೋರು ಮಳೆ. ಅವತ್ತು ಆರಂಭದ ಇಪ್ಪತ್ತು ನಿಮಿಷ ಯೂತ್‌ನವರದ್ದು. ಕೀಬೋರ್ಡು, ಎರಡು ಗಿಟಾರು, ಡ್ರಮ್ ಸೆಟ್ಟು, ನಾಲ್ಕು ಮೈಕು. ಹೊಸ ಹಾಡು ಶುರುವಾಯಿತು. ಮೂರನೇ ಬೆಂಚಿನಲ್ಲಿ ಕೂತಿದ್ದ ನಮ್ಮ ದೊಡ್ಡಮ್ಮ ಕಿವಿಯ ಮೆಷಿನ್ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟರು. ಅವರಿಗೆ ಎಂಬತ್ತನಾಲ್ಕು. ಸಿಟ್ಟಿನಿಂದ ತೆಗೆದದ್ದಲ್ಲ, ಮೆಷಿನ್ ಹಾಕಿದ ಕಿವಿಗೆ ಡ್ರಮ್ಮಿನ ಪೆಟ್ಟು ಮೊಳೆ ಹೊಡೆದ ಹಾಗೆ ಆಗುತ್ತದೆ. ಎರಡನೇ ಚರಣಕ್ಕೆ ಬರುವಾಗ ಕರೆಂಟ್ ಹೋಯಿತು. ಮೈಕು ಇಲ್ಲ, ಕೀಬೋರ್ಡು ಇಲ್ಲ, ಸ್ಕ್ರೀನಿನ ಮೇಲಿದ್ದ ಸಾಲು ಅರ್ಧದಲ್ಲೇ ಮಾಯ. ಹುಡುಗರು ನಿಂತುಬಿಟ್ಟರು. ಮಂಗಳೂರು ಹೆಂಚಿನ ಮೇಲೆ ಮಳೆ ಬೀಳುವ ಶಬ್ದ ಬಿಟ್ಟರೆ ಬೇರೆ ಏನಿಲ್ಲ.

ಆಗ ಸಂಡೇ ಸ್ಕೂಲ್ ಮಕ್ಕಳ ಕಡೆಯಿಂದ ಒಂದು ಹುಡುಗಿ ಅದೇ ಹೊಸ ಹಾಡಿನ ಪಲ್ಲವಿಯನ್ನು ಮುಂದುವರಿಸಿದಳು. ಒಬ್ಬಳೇ, ಸಣ್ಣ ಸ್ವರದಲ್ಲಿ. ಪಕ್ಕದವರು ಸೇರಿದರು. ಆಮೇಲೆ ಹೆಂಗಸರ ಸಾಲು. ಪಲ್ಲವಿ ನಾಲ್ಕೇ ಸಾಲು, ಎರಡು ಸಲ ಕೇಳಿದರೆ ಯಾರಿಗೂ ಬರುತ್ತದೆ. ಕ್ವಾಯರ್‌ನಲ್ಲಿ ಬೇಸ್ ಅಂದರೆ ತಗ್ಗಿನ ಸ್ವರ ಹಾಡುವ ಇಬ್ಬರು ಹಿರಿಯರು ತಮಗೇ ಗೊತ್ತಿಲ್ಲದ ಹಾಗೆ ಕೆಳಗಿನ ಸ್ವರ ಸೇರಿಸಿದರು. ಡ್ರಮ್ಮಿನ ಹುಡುಗ ಕೋಲು ಕೆಳಗಿಟ್ಟು ಬರೀ ಬೆರಳಲ್ಲಿ ಮೆಲ್ಲಗೆ ತಾಳ ಹಿಡಿದ. ಇನ್ನೂರು ಜನ ಒಬ್ಬರ ಸ್ವರ ಒಬ್ಬರು ಕೇಳಿಕೊಂಡು ಹಾಡಿದರು. ಆರು ತಿಂಗಳಿಂದ ನಾನು ದೂರುತ್ತಿದ್ದ ಹಾಡು ಅದು. 'ಇದರಲ್ಲಿ ಏನಿದೆ, ಸುಮ್ನೆ ಅದನ್ನೇ ಅದನ್ನೇ ಹೇಳುವುದು' ಅಂತ ನಾನೇ ಹೇಳಿದ್ದೆ. ಅವತ್ತು ನನಗೆ ಕಣ್ಣಲ್ಲಿ ನೀರು ಬಂತು. ಹಾಡು ಮೊದಲಿಂದಲೂ ಚೆನ್ನಾಗಿಯೇ ಇತ್ತು. ನಮಗೆ ಅದು ಕೇಳಿಸಿರಲಿಲ್ಲ, ನಮ್ಮ ಸ್ವರವೂ ನಮಗೆ ಕೇಳಿಸಿರಲಿಲ್ಲ. ದೊಡ್ಡಮ್ಮ ಪೆಟ್ಟಿಗೆ ತೆಗೆದು ಮೆಷಿನ್ ಮತ್ತೆ ಕಿವಿಗೆ ಹಾಕಿಕೊಂಡರು.

ನಾನು ಹೇಳಬೇಕಾದ್ದು ಇಷ್ಟೇ. ನಮ್ಮ ಜಗಳ ಹಳತು ಹೊಸತು ಅಂತ ನಡೆಯುತ್ತಿದೆ, ಆದರೆ ಕಳೆದುಹೋಗಿರುವುದು ಬೇರೆ. ಸಭೆ ಹಾಡುವುದನ್ನು ಬಿಟ್ಟಿದೆ. ಬ್ಯಾಂಡ್ ಹಾಡುವಾಗ ನಾವು ನೋಡುತ್ತೇವೆ, ಕ್ವಾಯರ್ ಹಾಡುವಾಗಲೂ ನಾವು ನೋಡುತ್ತೇವೆ. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಕೀರ್ತನೆ, ಸಂಗೀತ, ಆತ್ಮಸಂಬಂಧವಾದ ಪದ ಅಂತ ಮೂರು ಬಗೆ ಹೇಳುತ್ತಾನೆ. ನಾವು ಆ ಮೂರರಲ್ಲಿ ಯಾವುದು ದೊಡ್ಡದು ಅಂತ ಹೊಡೆದಾಡುತ್ತೇವೆ. ಅದೇ ವಾಕ್ಯದಲ್ಲಿ 'ಒಬ್ಬರಿಗೊಬ್ಬರು' ಅನ್ನುವ ಮಾತಿದೆ. ನೀವು ಹಾಡಿದ್ದು ನನಗೆ ಕೇಳಬೇಕು, ನಾನು ಹಾಡಿದ್ದು ನಿಮಗೆ ಕೇಳಬೇಕು. ಎರಡು ಆರಾಧನೆ ಮಾಡಿದರೆ ಈ 'ಒಬ್ಬರಿಗೊಬ್ಬರು' ಎಲ್ಲಿ ಉಳಿಯಿತು?

ಮೊದಲು ಹಿರಿಯರ ಹತ್ತಿರ ಮಾತಾಡುತ್ತೇನೆ, ನಾನೂ ಅವರಲ್ಲಿ ಒಬ್ಬಳು.

'ನಮ್ಮ ಪರಂಪರೆ' ಅಂತ ನಾವು ಹೇಳುತ್ತೇವೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶುರುವಾದ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಬಂದವರು ತಮ್ಮ ಊರಿನ ಜರ್ಮನ್ ರಾಗಗಳನ್ನು ತಂದರು, ಅದಕ್ಕೆ ಕನ್ನಡದ, ತುಳುವಿನ ಮಾತು ಕೂರಿಸಿದರು. ನಮ್ಮ ಅಜ್ಜ ಅಜ್ಜಿಯರಿಗೆ ಒಂದು ಕಾಲದಲ್ಲಿ ಅದಕ್ಕಿಂತ ಹೊಸತು ಬೇರೆ ಇರಲಿಲ್ಲ. ನಾಲ್ಕು ಸ್ವರ ಬೇರೆ ಬೇರೆ ಹಾಡಿ ಒಂದಾಗಿ ಕೇಳುವುದು ಈ ಕಡಲ ತೀರದಲ್ಲಿ ಯಾರು ಕೇಳಿದ್ದರು? ಈಗ ಅದನ್ನೇ ನಾವು ಆದಿಯಿಂದ ಇದ್ದದ್ದು ಅನ್ನುವ ಹಾಗೆ ಹಿಡಿದುಕೊಂಡಿದ್ದೇವೆ. ಹಿಡಿದುಕೊಳ್ಳುವುದು ತಪ್ಪಲ್ಲ. ಆದರೆ ಅದೂ ಒಂದು ದಿನ ಹೊರಗಿನಿಂದ ಬಂದದ್ದು ಅನ್ನುವುದನ್ನು ಮರೆಯುವುದು ತಪ್ಪು.

ಆರ್ಗನ್ ಕಥೆಯೂ ಹಾಗೇ. 1527ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಚರ್ಚಿನ ಸುಧಾರಣೆಯ ಹೆಸರಿನಲ್ಲೇ, ದೊಡ್ಡ ಚರ್ಚಿನ ಆರ್ಗನ್ ಒಡೆದು ತೆಗೆದರು. ದೇವರ ವಾಕ್ಯಕ್ಕೆ ಅಡ್ಡಿ ಅಂತ. ಬಾಸೆಲ್‌ನಿಂದ ಅದು ದೂರದ ಊರಲ್ಲ. ಇನ್ನು ಗಿಟಾರು ದೇವಾಲಯಕ್ಕೆ ಸಲ್ಲದು ಅಂತ ಹೋದ ಮಹಾಸಭೆಯಲ್ಲಿ ಒಬ್ಬ ಹಿರಿಯರು ಹೇಳಿದರು. ನಾವು ಪ್ರತಿ ಕ್ರಿಸ್ಮಸ್‌ಗೆ ಮೇಣದ ಬತ್ತಿ ಹಿಡಿದು ದೀಪ ಆರಿಸಿ ಹಾಡುವ ಆ ಶಾಂತ ರಾತ್ರಿಯ ಹಾಡು, 'ಸೈಲೆಂಟ್ ನೈಟ್', 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಒಂದು ಸಣ್ಣ ಊರಿನ ಚರ್ಚಿನಲ್ಲಿ ಮೊದಲ ಸಲ ಹಾಡಿದಾಗ ಜೊತೆಗಿದ್ದದ್ದು ಗಿಟಾರು. ಜಗತ್ತಿನ ಎಷ್ಟೋ ಸಭೆಗಳು ಶುಭ ಶುಕ್ರವಾರ ಮುಳ್ಳಿನ ಕಿರೀಟದ ಹಾಡಿಗೆ ಬಳಸುವ ರಾಗ, ಜರ್ಮನಿಯ ಸಂಗೀತಗಾರ ಬಾಖ್ ತನ್ನ ದೊಡ್ಡ ಕೃತಿಯಲ್ಲಿ ಮತ್ತೆ ಮತ್ತೆ ತಂದ ಆ ರಾಗ, ಅಲ್ಲಿಯವನೇ ಆದ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಅಚ್ಚು ಹಾಕಿಸಿದ ಒಂದು ಪ್ರೇಮಗೀತೆಯದ್ದು. ಹುಡುಗಿಯ ಹಿಂದೆ ಮನಸ್ಸು ಕೆಟ್ಟವನ ಹಾಡು. ಅದನ್ನು ಕೇಳಿ ನಾವು ಮೊಣಕಾಲೂರುತ್ತೇವೆ, ಊರಬೇಕಾದ್ದೇ. ನೂರಾರು ವರ್ಷ ಜನ ಅದರಲ್ಲಿ ತಮ್ಮ ದುಃಖ ಸುರಿದು ಅದನ್ನು ಹಾಗೆ ಮಾಡಿದ್ದಾರೆ. ಈಗಿನ ಹಾಡಿಗೂ ಸ್ವಲ್ಪ ಸಮಯ ಕೊಡಬಹುದು, ಅಲ್ವಾ?

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. ನಮ್ಮ ಅಜ್ಜಿ ಗದ್ದೆಯಲ್ಲಿ ನೇಜಿ ನೆಡುವಾಗ 'ಓ ಬೇಲೆ' ಅನ್ನುವ ತುಳು ಹಾಡು ಹಾಡುತ್ತಿದ್ದರು. ಒಬ್ಬರು ಹೇಳಿಕೊಡುವುದು, ಸಾಲಿನಲ್ಲಿ ಬಗ್ಗಿ ನಿಂತ ಹದಿನೈದು ಹೆಂಗಸರು ಎತ್ತಿ ಹಾಡುವುದು. ಮೊಣಕಾಲಿನ ತನಕ ಕೆಸರು, ಬೆನ್ನ ಮೇಲೆ ಮಳೆ. ಆ ಸ್ವರ ಮೂರು ಗದ್ದೆ ಆಚೆ ಕೇಳುತ್ತಿತ್ತು. ಭಾನುವಾರ ಅದೇ ಅಜ್ಜಿ ಬಿಳಿ ಸೀರೆ ಉಟ್ಟು ಬೆಂಚಿನಲ್ಲಿ ಕೂತು ಜರ್ಮನ್ ರಾಗವನ್ನು ಪಿಸುಮಾತಿನಲ್ಲಿ ಹಾಡುತ್ತಿದ್ದರು. ನಾನು ಸಣ್ಣವಳಿರುವಾಗ ಕೇಳಿದ್ದೆ, ಅದನ್ನು ಯಾಕೆ ಇಲ್ಲಿ ಹಾಡುವುದಿಲ್ಲ ಅಂತ. 'ಅದು ಗದ್ದೆಗೆ ಮಗಾ, ಇದು ದೇವರಿಗೆ' ಅಂದಿದ್ದರು. ಆ ಮಾತು ಈಗಲೂ ನನಗೆ ಚುಚ್ಚುತ್ತದೆ. ನಮ್ಮ ಜನ ದೇವಾಲಯದ ಮೆಟ್ಟಿಲಲ್ಲಿ ಚಪ್ಪಲಿಯ ಜೊತೆ ತಮ್ಮ ಸ್ವರವನ್ನೂ ಬಿಟ್ಟು ಒಳಗೆ ಬಂದರು. ಹಾಗಿದ್ದ ಮೇಲೆ ಸಾಂಪ್ರದಾಯಿಕ ಅಂತ ಏಳೂವರೆಯ ಆರಾಧನೆಗೆ ಹೆಸರಿಡುವಾಗ ಯಾರ ಸಂಪ್ರದಾಯ ಅಂತ ಕೇಳಬೇಕಾಗುತ್ತದೆ.

ಮಿಷನರಿಗಳನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಅವರಲ್ಲೇ ಕೆಲವರಿಗೆ ಈ ನೆಲದ ಹಾಡಿನ ಮೇಲೆ ನಮಗಿಂತ ಹೆಚ್ಚು ಪ್ರೀತಿ ಇತ್ತು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಮೋಗ್ಲಿಂಗ್ ಅವರೇ ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕಿಟೆಲ್ ಅಂದರೆ ನಮಗೆ 1894ರ ನಿಘಂಟು ಮಾತ್ರ ನೆನಪಾಗುತ್ತದೆ. ಅವರು 1862ರಲ್ಲಿ 'ಕಥಾಮಾಲೆ' ಬರೆದರು, ಯೇಸುವಿನ ಜೀವನವನ್ನು ನಮ್ಮ ನೆಲದ ಹಾಡಿನ ಧಾಟಿಯಲ್ಲಿ. ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಕೂತು ಸಂಪಾದಿಸಿದವರು ಅವರು. ಕನ್ನಡದ ಮಾತಿಗೆ ಕನ್ನಡದ್ದೇ ನಡಿಗೆ ಇದೆ ಅಂತ ಅವರಿಗೆ ಗೊತ್ತಿತ್ತು. ಆ ದಾರಿಯಲ್ಲಿ ನಾವು ಎಷ್ಟು ಮುಂದೆ ಹೋದೆವು?

ಆ ನಡಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಲ್ಲಿ ಹಳಬರೂ ಹೊಸಬರೂ ಒಂದೇ ತಪ್ಪು ಮಾಡುತ್ತಿದ್ದೇವೆ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲು. 'ಬಲ' ಎಳೆದರೆ 'ಬಾಲ'. 'ವರ' ಎಳೆದರೆ 'ವಾರ'. 'ಮನ' ಎಳೆದರೆ 'ಮಾನ'. ಪರದೇಶದ ರಾಗದಲ್ಲಿ ಎಲ್ಲಿ ಉದ್ದ ಸ್ವರ ಬರುತ್ತದೋ ಅಲ್ಲಿ ನಮ್ಮ ಗಿಡ್ಡ ಅಕ್ಷರ ಬಂದು ಕೂತರೆ ಅದನ್ನು ಎಳೆಯಲೇ ಬೇಕು. ಸಂಡೇ ಸ್ಕೂಲಿನಲ್ಲಿ ಹಳೆಯ ಸಂಗೀತ ಕಲಿಸುವಾಗ 'ನಿನ್ನ ಬಲ' ಅನ್ನುವುದು 'ನಿನ್ನ ಬಾಲ' ಅಂತ ಕೇಳಿ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತವೆ. ನಾವು ಗದರಿಸುತ್ತೇವೆ. ಅವರ ಕಿವಿ ಸರಿ ಇದೆ, ನಮ್ಮದೇ ಅಭ್ಯಾಸವಾಗಿ ಹೋಗಿದೆ. ಒಂದು ಪದ ಅರ್ಧ ಒಂದು ಸಾಲಿನಲ್ಲಿ, ಅರ್ಧ ಮುಂದಿನ ಸಾಲಿನಲ್ಲಿ ಬರುವುದೂ ಉಂಟು. ಉಸಿರು ಅಲ್ಲಿ ತೆಗೆದರೆ ಅರ್ಥ ಹೋಗುತ್ತದೆ, ತೆಗೆಯದಿದ್ದರೆ ಜೀವ ಹೋಗುತ್ತದೆ.

ಯೂತ್‌ನ ಮಕ್ಕಳೇ, ನಿಮ್ಮ ಹಾಡುಗಳಲ್ಲೂ ಅದೇ. ಜಾಸ್ತಿ ಹಾಡುಗಳು ತಮಿಳಿನಿಂದ, ತೆಲುಗಿನಿಂದ, ಹಿಂದಿಯಿಂದ, ಇಂಗ್ಲಿಷಿನಿಂದ ಬಂದವು. ರಾಗ ಹಾಗೇ ಇಟ್ಟು ಮಾತು ಮಾತ್ರ ಬದಲಿಸುತ್ತಾರೆ. ತಮಿಳಿನಲ್ಲಿ ಚೆಂದ ಕೂತಿದ್ದ ಸಾಲು ಕನ್ನಡದಲ್ಲಿ ಎರಡು ಅಕ್ಷರ ಜಾಸ್ತಿ ಆಗುತ್ತದೆ, ಅದನ್ನು ನುಂಗಿ ಹಾಡುತ್ತೀರಿ. ಸ್ಕ್ರೀನಿನ ಮೇಲೆ 'ಆರಾದನೆ' ಅಂತ ಬರುತ್ತದೆ, ಒತ್ತಕ್ಷರ ತಪ್ಪಿರುತ್ತದೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೂ ಬರುತ್ತದೆ. ದೇವರಿಗೆ ಹೇಳುವ ಮಾತು ಅಲ್ವಾ, ಒಂದು ಸಲ ಕನ್ನಡ ಟೀಚರಿಗೆ ತೋರಿಸಿ. ನಮ್ಮ ಸಭೆಯಲ್ಲೇ ನಿವೃತ್ತರಾದ ಮೂವರು ಇದ್ದಾರೆ, ಕೇಳಿದರೆ ಸಂತೋಷದಿಂದ ನೋಡಿಕೊಡುತ್ತಾರೆ.

ಇನ್ನೊಂದು ಮಾತು ನಿಮಗೆ. ನಿಮ್ಮ ಹಾಡುಗಳಲ್ಲಿ 'ನಾನು' ಬಹಳ ಇದೆ. ನನ್ನ ಕಣ್ಣೀರು, ನನ್ನ ಜಯ, ನನ್ನ ಯೇಸು. ಅದು ಬೇಕು, ದಾವೀದನ ಕೀರ್ತನೆಗಳಲ್ಲೂ ಅದಿದೆ. ಆದರೆ ಹೋದ ವರ್ಷ ನಮ್ಮ ಒಬ್ಬ ಹಿರಿಯರನ್ನು ಮಣ್ಣು ಮಾಡಲು ಹೋದಾಗ ಏನಾಯಿತು? ಸಮಾಧಿ ಪಕ್ಕದಲ್ಲಿ ಪುಸ್ತಕ ಇಲ್ಲದೆ, ವಾದ್ಯ ಇಲ್ಲದೆ ಹಳೆಯ ಸಂಗೀತ ಎತ್ತಿದರು. ಐದು ಚರಣ. ತಲೆ ನೆರೆತವರೆಲ್ಲ ಬಾಯಿಪಾಠ ಹಾಡಿದರು. ಸಾವು, ಪುನರುತ್ಥಾನ, ಮತ್ತೆ ಸೇರುವ ದಿನ, ಒಂದೊಂದಾಗಿ ಆ ಚರಣಗಳಲ್ಲಿ ಬಂತು. ಮೃತರ ಮೊಮ್ಮಗ, ನಮ್ಮ ಕೀಬೋರ್ಡಿನ ಹುಡುಗ, ಬಾಯಿ ಮುಚ್ಚಿ ನಿಂತಿದ್ದ. ಬೇಕಂತ ಅಲ್ಲ, ಅವನಿಗೆ ಒಂದು ಸಾಲೂ ಬರುತ್ತಿರಲಿಲ್ಲ. ಅಜ್ಜನ ಗುಂಡಿಯ ಮುಂದೆ ನಿಂತು ಹಾಡಲು ಅವನ ಹತ್ತಿರ ಏನೂ ಇರಲಿಲ್ಲ. ಅದು ಅವನ ತಪ್ಪಾ? ಹತ್ತು ವರ್ಷದಿಂದ ಕ್ವಾಯರ್ ಪ್ರಾಕ್ಟೀಸ್ ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ಆರು ವಾರ, ಈಸ್ಟರಿಗೆ ಮುಂಚಿನ ನಾಲ್ಕು ವಾರ. ಮಕ್ಕಳು ಬಂದರೆ 'ಸ್ವರ ಕೆಡಿಸಬೇಡಿ' ಅಂತ ಹಿಂದೆ ಕೂರಿಸಿದವರು ನಾವು. ಸೋಲ್‌ಫಾ, ಅಂದರೆ ಡೊ ರೆ ಮಿ ಅಂತ ಬರೆದ ಸ್ವರ, ಓದಲು ನನಗೆ ಕಲಿಸಿದವರು ಒಬ್ಬ ಹಳೆಯ ಉಪದೇಶಿ. ನಾನು ಎಷ್ಟು ಜನರಿಗೆ ಕಲಿಸಿದೆ? ಇಬ್ಬರಿಗೆ. ಮೂವತ್ತೊಂದು ವರ್ಷದಲ್ಲಿ ಇಬ್ಬರಿಗೆ.

ಶಬ್ದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮದರಾಸಿನ ಒಂದು ಚರ್ಚಿನ ಮೇಲೆ ಪಕ್ಕದ ಬಡಾವಣೆಯವರು ಹಾಕಿದ ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಡ್ರಮ್ಮು, ಗಿಟಾರು, ಲೌಡ್ ಸ್ಪೀಕರ್, ಎಲ್ಲ ಅದರಲ್ಲಿ ಬಂತು. 2000ದ ಆಗಸ್ಟ್‌ನಲ್ಲಿ ಕೋರ್ಟು ಹೇಳಿದ್ದು, ಬೇರೆಯವರ ಶಾಂತಿ ಕೆಡಿಸಿ ಪ್ರಾರ್ಥಿಸಿ ಅಂತ ಯಾವ ಧರ್ಮವೂ ಹೇಳುವುದಿಲ್ಲ ಅಂತ. ಮನೆಗಳಿರುವ ಕಡೆ ಹಗಲು 55 ಡೆಸಿಬಲ್ ಮಿತಿ. ನಮ್ಮ ಕಿಟಕಿಗೆ ಗಾಜಿಲ್ಲ, ಹತ್ತು ಹೆಜ್ಜೆಯಲ್ಲಿ ಪಕ್ಕದ ಮನೆ, ಅಲ್ಲಿ ಹಾಸಿಗೆ ಹಿಡಿದವರು ಇದ್ದಾರೆ. ಅವರು ಇದುವರೆಗೆ ಒಂದು ಮಾತು ಹೇಳಿಲ್ಲ. ಹೇಳುವ ತನಕ ಕಾಯಬೇಕಾ? ಇನ್ನೂರು ಜನ ಕೂರುವ ಜಾಗಕ್ಕೆ ಡ್ರಮ್ಮಿಗೆ ಮೈಕ್ ಬೇಕಾಗಿಲ್ಲ, ಮಕ್ಕಳೇ. ನನ್ನನ್ನು ನಂಬಿ.

ಸಮಿತಿಯವರು ಹೇಳುವ ದೊಡ್ಡ ಕಾರಣ ನನಗೆ ಗೊತ್ತು. ಹೊಸ ಹಾಡು ಕೊಡದಿದ್ದರೆ ಯುವಕರು ಬೇರೆ ಸಭೆಗೆ ಹೋಗುತ್ತಾರೆ. ನನ್ನ ತಂಗಿಯ ಮಗ ಹಾಗೆ ಹೋದವನೇ. ಪೇಟೆಯಲ್ಲಿ ಶಟರ್ ಅಂಗಡಿಯ ಮಾಳಿಗೆಯಲ್ಲಿ ನಡೆಯುವ ಒಂದು ಸಭೆಗೆ ಹೋಗುತ್ತಾನೆ. ಒಂದು ದಿನ ಊಟಕ್ಕೆ ಬಂದಾಗ ಕೇಳಿದೆ, ಮ್ಯೂಸಿಕ್ ಚೆನ್ನಾಗಿದೆ ಅಂತ ಹೋದದ್ದಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, 'ಇಲ್ಲ ದೊಡ್ಡಮ್ಮ, ಅಲ್ಲಿ ಮೂರನೇ ವಾರಕ್ಕೇ ನನ್ನ ಹೆಸರು ಹಿಡಿದು ಕರೆದು ಬೈಬಲ್ ಓದಲು ಹೇಳಿದರು. ನಮ್ಮ ಸಭೆಯಲ್ಲಿ ಇಪ್ಪತ್ಮೂರು ವರ್ಷದಲ್ಲಿ ನನಗೆ ಯಾರೂ ಒಂದು ಪಾಠ ಓದಲು ಹೇಳಿಲ್ಲ.' ಅವನನ್ನು ಡ್ರಮ್ ತಂದು ಹಿಡಿದಿಡಬಹುದಿತ್ತಾ? ನನಗೆ ಹಾಗೆ ಅನ್ನಿಸುವುದಿಲ್ಲ.

ಮತ್ತೆ ನೋಡಿ, ಎರಡು ಆರಾಧನೆ ಮಾಡಿದರೆ ಮನೆಗಳು ಹೇಗೆ ಒಡೆಯುತ್ತವೆ. ಕಿವಿಯ ಮೆಷಿನ್ ತೆಗೆದಿಟ್ಟ ನಮ್ಮ ದೊಡ್ಡಮ್ಮ ಬರುವುದು ಮೊಮ್ಮಗನ ಸ್ಕೂಟರಿನ ಹಿಂದೆ ಕೂತು. ಅವನು ಹತ್ತು ಗಂಟೆಯವನು, ಇವರು ಏಳೂವರೆಯವರು. ಅವನು ಎರಡು ಸಲ ಬರುತ್ತಾನಾ? ಮೊದಲ ಎರಡು ವಾರ ಬರುತ್ತಾನೆ. ಆಮೇಲೆ ಇವರು ಮನೆಯಲ್ಲೇ ಮೊಬೈಲಿನಲ್ಲಿ ಆರಾಧನೆ ನೋಡುತ್ತಾರೆ. ಮೊದಲನೇ ಭಾನುವಾರದ ಕರ್ತನ ಭೋಜನವೂ ಎರಡು ಆಗುತ್ತದೆ. ಒಂದೇ ರೊಟ್ಟಿಯಲ್ಲಿ ನಾವೆಲ್ಲರೂ ಪಾಲು ತೆಗೆದುಕೊಳ್ಳುತ್ತೇವೆ ಅಂತ ಪ್ರತಿ ಸಲ ಹೇಳುತ್ತೇವಲ್ಲ, ಆ 'ಎಲ್ಲರೂ' ಅನ್ನುವಾಗ ಸಭಾಪಾಲಕ ಅಯ್ಯನವರ ನಾಲಿಗೆ ಹೇಗೆ ಹೊರಳುತ್ತದೆ ಅಂತ ನಾನು ಯೋಚಿಸುತ್ತಿದ್ದೇನೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ನಮ್ಮ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿದಾಗ ಆಂಗ್ಲಿಕನ್‌ನವರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್‌ನವರು, ಕಾಂಗ್ರಿಗೇಷನಲ್‌ನವರು ಒಂದಾದರು. ಬಿಷಪ್ ಬೇಕು ಅನ್ನುವವರು, ಬೇಡ ಅನ್ನುವವರು. ಬರೆದ ಪ್ರಾರ್ಥನೆ ಓದುವವರು, ಓದದವರು. ಒಬ್ಬೊಬ್ಬರದ್ದು ಒಂದೊಂದು ಹಾಡಿನ ಪುಸ್ತಕ. ಮಾತುಕತೆಗೆ ಇಪ್ಪತ್ತೆಂಟು ವರ್ಷ ಹಿಡಿಯಿತು, 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದದ್ದು. ಅಷ್ಟು ವರ್ಷ ಕೂತು ಮಾತಾಡಿ ಒಂದಾದವರ ಮಕ್ಕಳು ನಾವು, ಒಂದು ಡ್ರಮ್ ಸೆಟ್ಟಿಗೆ ಆರು ತಿಂಗಳಲ್ಲಿ ಬೇರೆ ಆಗುತ್ತಿದ್ದೇವೆ.

ಬಿಷಪ್ ಅವರೇ, ನಿಮ್ಮ ಹತ್ತಿರ ಕೇಳುವುದಿದೆ. ನಮ್ಮ ಸಮಿತಿಯ ಈ ನಿರ್ಣಯಕ್ಕೆ ನಿಮ್ಮ ಒಪ್ಪಿಗೆ ಬೇಕು. ಅದನ್ನು ಒಂದು ವರ್ಷ ತಡೆಯಿರಿ. ಆ ಒಂದು ವರ್ಷ ನಾವು ಒಂದೇ ಆರಾಧನೆಯಲ್ಲಿ ಕೂತು ಪ್ರಯತ್ನ ಮಾಡುತ್ತೇವೆ. ಇನ್ನೂ ಒಂದು ಕೆಲಸ ನಿಮ್ಮಿಂದ ಮಾತ್ರ ಆಗುವಂಥದ್ದು. ಧರ್ಮಪ್ರಾಂತ್ಯದಿಂದ ಪ್ರತಿ ವರ್ಷ ಹಾಡಿನ ಸ್ಪರ್ಧೆ ನಡೆಯುತ್ತದೆ, ಹಾಡಿದವರಿಗೆ ಬಹುಮಾನ. ಹಾಡು ಕಟ್ಟಿದವರಿಗೆ ಏನೂ ಇಲ್ಲ. ಕನ್ನಡದಲ್ಲಿ, ತುಳುವಿನಲ್ಲಿ ಹೊಸದಾಗಿ ಕಟ್ಟಲು ಒಂದು ಶಿಬಿರ ಮಾಡಿ. ಮೂರು ದಿನ ಸಾಕು. ಬಲ್ಮಠದ ದೇವಜ್ಞಾನ ಕಾಲೇಜು ಇದೆ, ಊರೂರಿನಲ್ಲಿ ಹಾರ್ಮೋನಿಯಂ, ತಬಲಾ ನುಡಿಸುವವರಿದ್ದಾರೆ, 'ಓ ಬೇಲೆ' ಗೊತ್ತಿರುವ ಮುದುಕಿಯರು ಇನ್ನೂ ಕೆಲವರು ಬದುಕಿದ್ದಾರೆ. ಮದುರೈಯ ತಮಿಳುನಾಡು ದೇವಜ್ಞಾನ ಶಾಲೆಯಲ್ಲಿ ಥಿಯೋಫಿಲಸ್ ಅಪ್ಪಾವು ಅವರು ವರ್ಷಗಟ್ಟಲೆ ಇದನ್ನೇ ಮಾಡಿದರು, ಹಳ್ಳಿಯ ದಲಿತ ಜನರ ಹಾಡಿನ ಧಾಟಿಯನ್ನು ಆರಾಧನೆಗೆ ತಂದರು. ಪಾಶ್ಚಾತ್ಯ ರಾಗವೂ ಅಲ್ಲ, ಕರ್ನಾಟಕ ಸಂಗೀತವೂ ಅಲ್ಲ, ಗದ್ದೆಯವರ ಹಾಡು. ನಮ್ಮ ನೆರೆಯ ಇಗರ್ಜಿಯ ಕಥೋಲಿಕರನ್ನೇ ನೋಡಿ, 1963ರಲ್ಲಿ ವ್ಯಾಟಿಕನ್ ಮಹಾಸಭೆ ಆಯಾ ಜನರ ಸಂಗೀತಕ್ಕೆ ಆರಾಧನೆಯಲ್ಲಿ ಜಾಗ ಕೊಡಿ ಅಂತ ಬರೆದೇ ಕೊಟ್ಟಿತು. ನಮಗೆ ಬೇಡ ಅಂದವರು ಯಾರೂ ಇಲ್ಲ, ನಾವೇ ಕೇಳಿಕೊಂಡಿಲ್ಲ.

ನಮ್ಮ ಸಭೆಗೆ ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಭಾನುವಾರ ಒಂದು ಹಾಡಿನ ಒಂದು ಚರಣವಾದರೂ ಎಲ್ಲ ವಾದ್ಯ ನಿಲ್ಲಿಸಿ ಹಾಡೋಣ, ಹಳತೋ ಹೊಸತೋ. ಮೂರು ತಿಂಗಳಿಗೊಂದು ಹಳೆಯ ಸಂಗೀತ ಯೂತ್‌ನವರು ಬಾಯಿಪಾಠ ಕಲಿಯಲಿ, ಒಂದು ಹೊಸ ಹಾಡು ನಾವು ಕಲಿಯುತ್ತೇವೆ, ಯಾವುದು ಅಂತ ಅವರ ಆಯ್ಕೆ ನಮಗೆ, ನಮ್ಮ ಆಯ್ಕೆ ಅವರಿಗೆ. ಆಯ್ಕೆ ಮಾಡಿದವರು ಯಾಕೆ ಅಂತ ಎರಡು ಮಾತು ಹೇಳಬೇಕು. ಹಳೆಯ ಹಾಡನ್ನು ನಾವು ಎಷ್ಟು ನಿಧಾನ ಮಾಡಿಬಿಟ್ಟಿದ್ದೇವೆ ಅಂದರೆ ಉಸಿರು ಸಾಲುವುದಿಲ್ಲ, ಅದನ್ನು ನಾನು ಸರಿ ಮಾಡಿಕೊಳ್ಳುತ್ತೇನೆ. ನಮ್ಮ ಡ್ರಮ್ಮಿನ ಹುಡುಗ ಪಕ್ಕದಲ್ಲಿ ನಿಂತು ಕಾಲ ಹಿಡಿದರೆ ಇನ್ನೂ ಒಳ್ಳೆಯದು, ಅವನ ತಾಳ ನನಗಿಂತ ಗಟ್ಟಿ. ಏಳೂವರೆ ಹತ್ತರ ನಡುವೆ ಒಂಬತ್ತು ಗಂಟೆ ಅಂತ ಒಂದಿದೆ, ಇಷ್ಟು ವರ್ಷ ನಾವೆಲ್ಲ ಬಂದದ್ದು ಆ ಹೊತ್ತಿಗೇ.

ಗುರುವಾರ ಸಂಜೆ ಆರು ಗಂಟೆಗೆ ನಾನು ದೇವಾಲಯದ ಬಾಗಿಲು ತೆಗೆದಿರುತ್ತೇನೆ. ಜುಲೈಯಲ್ಲಿ ಕರೆಂಟ್ ಹೋದಾಗ ಹಾಡಿದೆವಲ್ಲ, ಆ ಹಾಡಿಗೆ ಆಲ್ಟೋ, ಟೆನರ್, ಬೇಸ್ ಅಂತ ಉಳಿದ ಮೂರು ಸ್ವರ ಸೋಲ್‌ಫಾದಲ್ಲಿ ಬರೆದು ಇಪ್ಪತ್ತು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಎರಡನೇ ಚರಣದಲ್ಲಿ 'ವಾರ' ಅಂತ ಕೇಳುವ ಜಾಗವನ್ನು ಕನ್ನಡ ಟೀಚರ್ ತಿದ್ದಿಕೊಟ್ಟಿದ್ದಾರೆ. ಗಿಟಾರು ತನ್ನಿ. ಆ ಕೀಬೋರ್ಡಿನ ಹುಡುಗನಿಗೆ ಯಾರಾದರೂ ಫೋನ್ ಮಾಡಿ ಹೇಳಿ, ಅವನ ಅಜ್ಜನ ಸಂಗೀತ ಪುಸ್ತಕ ಅವರ ಮನೆಯವರು ನನ್ನ ಹತ್ತಿರ ಕೊಟ್ಟಿದ್ದಾರೆ, ಅದರಲ್ಲಿ ಪೆನ್ಸಿಲಿನಲ್ಲಿ ಉಸಿರು ತೆಗೆಯುವ ಜಾಗಗಳೆಲ್ಲ ಗುರುತು ಮಾಡಿದೆ, ಅದು ಅವನಿಗೆ ಸೇರಬೇಕಾದ್ದು.

ಇಂತಿ,
ನಿಮ್ಮ ಸಭೆಯ ಆರ್ಗನ್ ಅಕ್ಕ